ಎಳವೆಯಲ್ಲಿ ಕಿವಿಗೆ ಬಿದ್ದ ಹಾಡು ಯಾರದು?

ನಡುವಯಸ್ಸು ದಾಟಿದ ಕನ್ನಡಿಗರು ನಾಲ್ಕು ಮಂದಿ ಕೂತಲ್ಲಿ ಹಳೆಯ ಚಿತ್ರಗೀತೆಗಳ ಮಾತು ಬಂದರೆ ಅದು ಬೇಗನೆ ಒಂದು ತೀರ್ಮಾನಕ್ಕೆ ಬಂದು ನಿಲ್ಲುತ್ತದೆ: ಹಾಡು ಅಂದರೆ ನಮ್ಮ ಕಾಲದ ಹಾಡು. ಈ ‘ನಮ್ಮ ಕಾಲ’ ಯಾವುದು ಎಂದು ಕೆದಕಿದರೆ ಉತ್ತರಗಳು ಚದುರುತ್ತವೆ. ಕೆಲವರ ಮನಸ್ಸಿನಲ್ಲಿರುವುದು ಕಾಲೇಜಿನ ದಿನಗಳು. ಗೆಳೆಯರ ಜತೆ ಚಿತ್ರಮಂದಿರಕ್ಕೆ ಹೋಗಿ, ಕೈಯಿಂದ ದುಡ್ಡು ಕೊಟ್ಟು ಕ್ಯಾಸೆಟ್ ಕೊಂಡ ಕಾಲ. ಇನ್ನು ಕೆಲವರು ನೆನೆಯುವ ಹಾಡುಗಳು ಅವರಿಗೆ ನಾಲ್ಕೋ ಐದೋ ವರ್ಷವಿದ್ದಾಗ ಬಂದವು. ಈ ಎರಡು ಬಗೆಯ ಹಾಡುಗಳ ನಡುವೆ ದೊಡ್ಡ ಅಂತರವಿದೆ. ಹದಿಹರೆಯದ ಹಾಡನ್ನು ನಾವು ಆರಿಸಿಕೊಂಡಿರುತ್ತೇವೆ. ಎಳವೆಯ ಹಾಡನ್ನು ನಾವು ಆರಿಸಿಕೊಂಡಿರುವುದಿಲ್ಲ. ಬೇರೆ ಯಾರೋ ಹಾಕಿದ ರೇಡಿಯೊದಿಂದ, ಬೇರೆ ಯಾರದೋ ಮದುವೆಯ ಧ್ವನಿವರ್ಧಕದಿಂದ ಅದು ನಮ್ಮ ಕಿವಿಗೆ ಬಿದ್ದಿರುತ್ತದೆ. ಹಾಗಿದ್ದೂ ಅದನ್ನೇ ಅತ್ಯಂತ ಸ್ವಂತದ್ದು ಎಂದು ಭಾವಿಸುತ್ತೇವೆ. ಇದು ಹೇಗೆ ಸಾಧ್ಯ, ಮತ್ತು ದೊಡ್ಡವರಾದ ಮೇಲೆ ಆ ಹಾಡುಗಳ ಬಳಿಗೆ ಮರಳಿದಾಗ ನಾವು ನಿಜಕ್ಕೂ ಏನು ಮಾಡುತ್ತಿರುತ್ತೇವೆ ಎಂಬುದು ಈ ಲೇಖನದ ಪ್ರಶ್ನೆ. ನನ್ನ ವಾದ ಇಷ್ಟು: ಎಳವೆಯ ಜನಪ್ರಿಯ ಹಾಡು ನಮ್ಮ ಅಭಿರುಚಿಯ ಮೊದಲ ಗುರುತಲ್ಲ, ಹಿರಿಯರು ಮತ್ತು ಪ್ರಸಾರದ ವ್ಯವಸ್ಥೆ ಸೇರಿ ನಮಗೆ ಬಿಟ್ಟುಹೋದ ಆಸ್ತಿ. ಆದ್ದರಿಂದ ಅದನ್ನು ಮತ್ತೆ ಕೇಳುವಾಗ ಬರೀ ನೆನಪಿಗೆ ಶರಣಾದರೆ ಸಾಲದು, ಮೊದಲ ಬಾರಿ ಕೇಳುವವರ ಗಮನ ಬೇಕು. ಹಾಗೆ ಕೇಳಿದರೆ ಬಹಳಷ್ಟು ಹಾಡುಗಳು ನಮ್ಮ ನೆನಪಿಗಿಂತ ದೊಡ್ಡವಾಗಿ ಕಾಣುತ್ತವೆ.

ಸಂಗೀತ ಮತ್ತು ನೆನಪಿನ ಸಂಬಂಧವನ್ನು ಅಳೆದ ಸಂಶೋಧನೆ ಬಹುಕಾಲ ಯೌವನದ ಸುತ್ತಲೇ ತಿರುಗಿತು. ಅಮೆರಿಕದ ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹದಿಹರೆಯದವರಿಂದ ಹಿಡಿದು ಎಂಬತ್ತು ದಾಟಿದವರವರೆಗೆ 108 ಮಂದಿಗೆ 1932ರಿಂದ 1986ರವರೆಗಿನ 28 ಹಾಡುಗಳ ತುಣುಕುಗಳನ್ನು ಕೇಳಿಸಿದ್ದರು. ತಮಗೆ ಸುಮಾರು 24 ವರ್ಷ ವಯಸ್ಸಾಗಿದ್ದಾಗ ಬಂದ ಹಾಡುಗಳೇ ಜನರಿಗೆ ಹೆಚ್ಚು ಮೆಚ್ಚುಗೆಯಾಗುತ್ತವೆ ಎಂಬುದು ಅವರ ಎಣಿಕೆಯಾಗಿತ್ತು. ಮುಂದೆ ಬಂದವರು ಮೆಚ್ಚುಗೆಯ ಬದಲು ಸ್ವಂತ ಬದುಕಿನ ನೆನಪುಗಳನ್ನು ಅಳೆದಾಗ ಆ ಶಿಖರ ಹದಿಹರೆಯದ ಕಡೆಗೆ ಸರಿಯಿತು. ಈ ಲೆಕ್ಕದಲ್ಲಿ ಎಳವೆಗೆ ಜಾಗವೇ ಇರಲಿಲ್ಲ. 2013ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹಾನ್ಸಲ್ ಮತ್ತು ಜಸ್ಟಿನ್ ಜುಪ್ನಿಕ್ ಪ್ರಕಟಿಸಿದ ಅಧ್ಯಯನ ಚಿತ್ರವನ್ನು ಬದಲಿಸಿತು. ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಿದಾಗ, ಆ ಯುವಜನರು ಹುಟ್ಟುವ ಮೊದಲೇ, ಅವರ ಅಪ್ಪ ಅಮ್ಮ ಇಪ್ಪತ್ತರಿಂದ ಇಪ್ಪತ್ತೈದರ ವಯಸ್ಸಿನಲ್ಲಿದ್ದಾಗ ಬಂದ ಹಾಡುಗಳ ಬಳಿಯೂ ನೆನಪು ಮತ್ತು ಮೆಚ್ಚುಗೆಯ ಒಂದು ಉಬ್ಬು ಕಾಣಿಸಿತು. 1960ರ ದಶಕದ ಹಾಡುಗಳಲ್ಲಿ ಇನ್ನೊಂದು ಸಣ್ಣ ಉಬ್ಬು ಇತ್ತು. ಅದು ಅಜ್ಜ ಅಜ್ಜಿಯರಿಂದ ಬಂದಿರಬಹುದು, ಆ ದಶಕದ ಸಂಗೀತದ ಗುಣದಿಂದಲೂ ಬಂದಿರಬಹುದು ಎಂದು ಅವರು ಊಹಿಸಿದರು. ಹಿರಿಯರ ಯೌವನದ ಹಾಡು ಕಿರಿಯರ ಶೈಶವಕ್ಕೆ ಇಳಿದುಬರುತ್ತದೆ ಎಂಬುದಕ್ಕೆ ಇದು ನೇರ ಸಾಕ್ಷಿ.

ಇಳಿದುಬರುವ ದಾರಿ ಯಾವುದು ಎಂಬುದೂ ಸಾಕಷ್ಟು ಸ್ಪಷ್ಟವಾಗಿದೆ. ಬೆಲ್‌ಫಾಸ್ಟ್‌ನ ಪೀಟರ್ ಹೆಪ್ಪರ್ ಅವರು 1980ರ ದಶಕದ ಕೊನೆಯಲ್ಲಿ ಮಾಡಿದ ಪ್ರಯೋಗಗಳಲ್ಲಿ, ಗರ್ಭಿಣಿಯಾಗಿದ್ದಾಗ ತಾಯಿ ನಿತ್ಯ ನೋಡುತ್ತಿದ್ದ ಟಿವಿ ಧಾರಾವಾಹಿಯ ಶೀರ್ಷಿಕೆ ಸಂಗೀತಕ್ಕೆ ನವಜಾತ ಶಿಶುಗಳು ಬೇರೆ ರೀತಿಯಲ್ಲಿ ಸ್ಪಂದಿಸಿದವು. ಆದರೆ ಹುಟ್ಟಿದ ಮೇಲೆ ಮತ್ತೆ ಕೇಳಿಸದೆ ಮೂರು ವಾರ ಬಿಟ್ಟಾಗ ಆ ಗುರುತು ಕಾಣಲಿಲ್ಲ. ಹೆಲ್ಸಿಂಕಿಯ ಸಂಶೋಧಕರು 2013ರಲ್ಲಿ ಇನ್ನೊಂದು ಫಲಿತಾಂಶ ಪ್ರಕಟಿಸಿದರು: ಗರ್ಭದಲ್ಲಿದ್ದಾಗ ವಾರಕ್ಕೆ ಹಲವು ಸಲ ಒಂದೇ ಮಕ್ಕಳ ಧಾಟಿಯನ್ನು ಕೇಳಿದ ಶಿಶುಗಳ ಮಿದುಳು ನಾಲ್ಕು ತಿಂಗಳ ನಂತರವೂ ಅದಕ್ಕೆ ಹೆಚ್ಚು ಸ್ಪಂದಿಸಿತು. ಎಂದರೆ ಕಿವಿ ಬಹಳ ಮುಂಚೆ ಕಲಿಯುತ್ತದೆ, ಕಲಿತದ್ದು ಉಳಿಯಲು ಆವರ್ತನೆ ಬೇಕು. ಇದಕ್ಕೆ ರಾಬರ್ಟ್ ಜಯೊಂಕ್ 1968ರಲ್ಲಿ ಮಂಡಿಸಿದ ಪ್ರಸಿದ್ಧ ತತ್ತ್ವವನ್ನು ಸೇರಿಸಿಕೊಳ್ಳಬೇಕು: ಮತ್ತೆ ಮತ್ತೆ ಎದುರಾದದ್ದು, ಬೇರೆ ಯಾವ ಕಾರಣವೂ ಇಲ್ಲದೆ, ಇಷ್ಟವಾಗತೊಡಗುತ್ತದೆ. ಮೂರು ಮೂರೂವರೆ ವರ್ಷದ ವಯಸ್ಸಿಗಿಂತ ಹಿಂದಿನ ಘಟನೆಗಳು ನಮಗೆ ಸಾಮಾನ್ಯವಾಗಿ ನೆನಪಿರುವುದಿಲ್ಲ. ಧಾಟಿ ಮಾತ್ರ ಉಳಿದಿರುತ್ತದೆ, ಅದು ಎಲ್ಲಿಂದ ಬಂತು ಎಂಬುದು ಅಳಿಸಿಹೋಗಿರುತ್ತದೆ. ಮೂಲ ಗೊತ್ತಿಲ್ಲದ ಪರಿಚಯ ಸ್ವಂತದ್ದಾಗಿ ಕಾಣುವುದು ಸಹಜ. ಎಳವೆಯ ಹಾಡಿಗೆ ಇರುವ ವಿಚಿತ್ರ ಬಲದ ಗುಟ್ಟು ಇಲ್ಲಿದೆ ಎಂದು ನನಗನ್ನಿಸುತ್ತದೆ.

ಈ ಅಧ್ಯಯನಗಳಿಗೆ ಒಂದು ಮಿತಿಯಿದೆ. ಅವು ಪಾಶ್ಚಾತ್ಯ ದೇಶಗಳಲ್ಲಿ ನಡೆದವು. ಜನಪ್ರಿಯತೆಯನ್ನು ಅಳೆದ ಕಡೆಗಳಲ್ಲಿ ಬಿಲ್‌ಬೋರ್ಡ್‌ನಂಥ ವಾರವಾರದ ಪಟ್ಟಿಗಳನ್ನು ನೆಚ್ಚಿಕೊಂಡವು. ಆ ದಶಕಗಳ ಕನ್ನಡ ಹಾಡುಗಳಿಗೆ ಅಂಥ ಪಟ್ಟಿ ಇಲ್ಲ. ನಮ್ಮಲ್ಲಿ ಯಾವ ಹಾಡು ‘ಹಿಟ್’ ಆಯಿತು ಎಂಬುದನ್ನು ಮಾರಾಟದ ಅಂಕಿಗಿಂತ ಹೆಚ್ಚಾಗಿ ಆವರ್ತನೆಯೇ ನಿರ್ಧರಿಸಿದೆ. ಆ ಆವರ್ತನೆ ಯಾರ ಕೈಯಲ್ಲಿತ್ತು? ಮೊದಲಿಗೆ ಸರ್ಕಾರದ ಕೈಯಲ್ಲಿ. ಕೇಂದ್ರ ಸಚಿವ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ, 1952ರ ಹೊತ್ತಿಗೆ, ಆಕಾಶವಾಣಿ ಚಿತ್ರಗೀತೆಗಳನ್ನು ಬಹುಮಟ್ಟಿಗೆ ಹೊರಗಿಟ್ಟಿತು. ಕೇಳುಗರು ರೇಡಿಯೊ ಸಿಲೋನ್ ಕಡೆಗೆ ತಿರುಗಿದರು. ಆ ನಷ್ಟವನ್ನು ತುಂಬಲೆಂದೇ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಯಿತು. 1950ರಲ್ಲಿ ಆರಂಭವಾದ ಧಾರವಾಡ ನಿಲಯ, 1955ರಲ್ಲಿ ಬಂದ ಬೆಂಗಳೂರು ನಿಲಯ, ಬಳಿಕ ಒಂದೊಂದಾಗಿ ಸೇರಿಕೊಂಡ ಇತರ ನಿಲಯಗಳು ಚಿತ್ರಗೀತೆಯನ್ನು ದಿನದ ಹೊತ್ತುಗಳಿಗೆ ಕಟ್ಟಿದವು. ಶಾಲೆಗೆ ಹೊರಡುವ ಹೊತ್ತಿನ ಹಾಡು, ಮಧ್ಯಾಹ್ನ ಅಡುಗೆಮನೆಯಲ್ಲಿ ಕೆಲಸ ಮುಗಿಯುವ ಹೊತ್ತಿನ ಹಾಡು, ರಾತ್ರಿ ಮಲಗುವ ಮುನ್ನ ಕೇಳುಗರ ಕೋರಿಕೆಯ ಹಾಡು. ಕೋರಿಕೆಯ ಪತ್ರ ಬರೆದವರು ದೊಡ್ಡವರು. ಯಾವ ತಟ್ಟೆ ಹಾಕಬೇಕು ಎಂದು ತೀರ್ಮಾನಿಸಿದವರು ನಿಲಯದವರು. ಮಗುವಿಗೆ ಉಳಿದದ್ದು ಕೇಳುವ ಕೆಲಸ.

ಮನೆಯಲ್ಲಿ ರೇಡಿಯೊ ಇಲ್ಲದ ಮಕ್ಕಳ ಪಾಡೇನು ಎಂದು ಕೇಳಬಹುದು. 1960ರ ದಶಕದಲ್ಲಿ ಅಂಥ ಮನೆಗಳೇ ಹೆಚ್ಚು. ಅಲ್ಲಿಯೂ ಹಾಡು ತಲುಪಿದೆ, ಆದರೆ ಬೇರೆ ದಾರಿಯಿಂದ. ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದ ರೇಡಿಯೊ, ಜಾತ್ರೆಯ ಮೈಕು, ಗಣೇಶನ ಪೆಂಡಾಲು, ಊರಾಚೆ ಬೀಡುಬಿಟ್ಟ ಟೂರಿಂಗ್ ಟಾಕೀಸು. ಟೆಂಟಿನಲ್ಲಿ ಘಂಟಸಾಲ ಅವರ ವೆಂಕಟೇಶನ ಭಕ್ತಿಗೀತೆ ಮೊಳಗಿತೆಂದರೆ ಆಟ ಶುರುವಾಗುವ ಹೊತ್ತು ಬಂತೆಂದು ಊರಿಗೆಲ್ಲ ತಿಳಿಯುತ್ತಿತ್ತು. ಟಿಕೆಟ್ಟಿಗೆ ಕಾಸಿಲ್ಲದ ಮಗುವಿಗೂ ಅದು ಕೇಳಿಸುತ್ತಿತ್ತು. ಪಂಚಾಂಗವೂ ಒಂದು ಪ್ರಸಾರ ವ್ಯವಸ್ಥೆಯೇ. ಬೇಂದ್ರೆಯವರ ಯುಗಾದಿ ಪದ್ಯ 1963ರ ‘ಕುಲವಧು’ ಚಿತ್ರಕ್ಕಾಗಿ ಜಿ.ಕೆ. ವೆಂಕಟೇಶ್ ಅವರ ಸಂಗೀತದಲ್ಲಿ, ಎಸ್. ಜಾನಕಿಯವರ ದನಿಯಲ್ಲಿ ಬಂತು. ಆ ಚಿತ್ರ ನೋಡದ ಮೂರು ತಲೆಮಾರಿನವರಿಗೆ ಆ ಧಾಟಿ ಬಾಯಿಪಾಠ, ಏಕೆಂದರೆ ಪ್ರತಿ ಚೈತ್ರದಲ್ಲೂ ಅದು ಮರಳಿ ಬರುತ್ತದೆ. 1993ರ ‘ಆಕಸ್ಮಿಕ’ದ ಕನ್ನಡಾಭಿಮಾನದ ಹಾಡಿಗೆ ನವೆಂಬರ್ ತಿಂಗಳು ಇದೇ ಕೆಲಸ ಮಾಡಿಕೊಟ್ಟಿದೆ. 2000ದ ನಂತರ ಹುಟ್ಟಿದ ಮಗುವಿಗೂ ಇವೆರಡು ‘ನನ್ನ ಬಾಲ್ಯದ ಹಾಡು’ಗಳೇ. ಬಿಡುಗಡೆಯ ವರ್ಷವನ್ನು ನೋಡಿ ಬಾಲ್ಯದ ಹಾಡು ಯಾವುದೆಂದು ಹೇಳುವುದು ಕನ್ನಡದ ಮಟ್ಟಿಗೆ ಆಗದ ಮಾತು.

ಕ್ಯಾಸೆಟ್ ಬಂದಾಗ ಆಯ್ಕೆ ನಿಲಯದಿಂದ ಮನೆಯ ಯಜಮಾನರಿಗೆ, ಬಸ್ಸಿನ ಡ್ರೈವರಿಗೆ, ಅಂಗಡಿಯವರಿಗೆ ವರ್ಗವಾಯಿತು. ಮೈಸೂರು ಅನಂತಸ್ವಾಮಿ ಅವರು ಧಾಟಿ ಹಾಕಿದ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದು ಭಾವಗೀತೆಯನ್ನು ಚಿತ್ರಗೀತೆಯ ಮಗ್ಗುಲಲ್ಲೇ ಕೂರಿಸಿತು. ಅಶ್ವತ್ಥ್ ಅವರ ಕಂಠದಲ್ಲಿ ಶರೀಫರ ತತ್ವಪದಗಳು ಹೊಸದಾಗಿ ಮೊಳಗಿದವು. 1987ರಲ್ಲಿ ‘ಪ್ರೇಮಲೋಕ’ದ ಕ್ಯಾಸೆಟ್ ಹೋಗದ ಊರಿಲ್ಲ. ಹಂಸಲೇಖ ಸಾಹಿತ್ಯ, ಸಂಗೀತ ಎರಡನ್ನೂ ತಾವೇ ಮಾಡಿ, ಹಾಡುಗಳಿಂದಲೇ ಕಥೆ ನಡೆಸಿದ ಆ ಚಿತ್ರದ ಪ್ರೇಮಗೀತೆಗಳನ್ನು ಒಂದನೇ ತರಗತಿಯ ಮಕ್ಕಳು ಪೂರ್ತಿ ಹೇಳುತ್ತಿದ್ದರು. ಕಾಲೇಜು ಪ್ರೇಮದ ಗಂಧ ಆ ಮಕ್ಕಳಿಗೆ ಇರಲು ಸಾಧ್ಯವಿಲ್ಲ. ಅವರಿಗೆ ಹಿಡಿಸಿದ್ದು ಪದಗಳ ಕುಣಿತ, ಪ್ರಾಸ, ಲಯ. ದೂರದರ್ಶನದ ‘ಚಿತ್ರಮಂಜರಿ’ ಹಾಡಿಗೆ ಮುಖಗಳನ್ನು ಜೋಡಿಸಿತು. ಹೀಗೆ ಒಂದೊಂದು ಯಂತ್ರ ಬಂದಾಗಲೂ ಮಗುವಿನ ಕಿವಿಗೆ ಬೀಳುವ ಹಾಡಿನ ಸ್ವರೂಪ, ಅದು ಮರಳುವ ವೇಗ ಬದಲಾಯಿತು. ಮಗುವಿನ ಕೈಗೆ ಗುಂಡಿ ಮಾತ್ರ ಬರಲಿಲ್ಲ.

ಹಾಡು ಹೊರಗಿನಿಂದ ಬರುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ತಮ್ಮ ಪಾತ್ರಕ್ಕೆ ತಾವೇ ಹಾಡಿದರು. ಅದಕ್ಕೂ ಮುಂಚೆ ಅವರು ಹಾಡಿಲ್ಲವೆಂದಲ್ಲ. ಆದರೆ ಅಲ್ಲಿಂದ ಮುಂದೆ ಅದು ರೂಢಿಯಾಯಿತು. ಅಲ್ಲಿಯವರೆಗೆ ರಾಜ್ ಅವರ ಹಾಡಿನ ದನಿ ಎಂದರೆ ಪಿ.ಬಿ. ಶ್ರೀನಿವಾಸ್. 1960ರ ದಶಕದಲ್ಲಿ ಬೆಳೆದವರಿಗೆ ಆ ಮೃದುವಾದ, ತಗ್ಗಿನ ಸ್ಥಾಯಿಯ ದನಿಯೇ ನಾಯಕನ ಅಂತರಂಗ. 1975ರ ಆಚೆಗೆ ಕಿವಿ ತೆರೆದವರಿಗೆ ರಾಜ್ ಅವರ ತುಂಬುದನಿಯೇ ಸಹಜ, ಹಿಂದಿನ ಹಾಡುಗಳಲ್ಲಿ ಬೇರೆಯವರ ದನಿ ಕೇಳಿದಾಗ ಮೊದಲಿಗೆ ಅಪರಿಚಿತ. ಯಾವುದು ‘ನಿಜವಾದ’ ರಾಜ್ ಹಾಡು ಎಂಬ ಬಗ್ಗೆ ಇಂದಿಗೂ ಎರಡು ವಯೋಮಾನದವರ ನಡುವೆ ಭಿನ್ನಾಭಿಪ್ರಾಯ ಉಂಟು. ಸಂಗೀತದ ತೂಕ ಅದನ್ನು ತೀರ್ಮಾನಿಸುವುದಿಲ್ಲ, ಹುಟ್ಟಿದ ವರ್ಷ ತೀರ್ಮಾನಿಸುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಬಹುದು. ಕನ್ನಡ ಮಕ್ಕಳ ಒಳಗಿವಿಯಲ್ಲಿ ಉಳಿದ ದನಿಗಳಲ್ಲಿ ಶ್ರೀನಿವಾಸ್ ಕಾಕಿನಾಡದವರು, ಸುಶೀಲಾ ವಿಜಯನಗರಂನವರು, ಜಾನಕಿ ಗುಂಟೂರು ಸೀಮೆಯವರು, ಬಾಲಸುಬ್ರಹ್ಮಣ್ಯಂ ನೆಲ್ಲೂರು ಕಡೆಯವರು, ವಾಣಿ ಜಯರಾಂ ವೆಲ್ಲೂರಿನವರು. ಆ ಹಾಡುಗಳಲ್ಲಿ ಹೆಚ್ಚಿನವು ಧ್ವನಿಮುದ್ರಣವಾದದ್ದು ಮದರಾಸಿನ ಸ್ಟುಡಿಯೊಗಳಲ್ಲಿ. ನಮ್ಮ ಮಾತೃಭಾಷೆಯ ಅತ್ಯಂತ ಒಳಗಿನ ನಾದವನ್ನು ನಮಗೆ ಕೊಟ್ಟವರು ಈ ಭಾಷೆಯನ್ನು ಶ್ರದ್ಧೆಯಿಂದ ಕಲಿತವರು. ಈ ಸಂಗತಿ ಹಾಡಿನ ಮೇಲಿನ ಪ್ರೀತಿಯನ್ನು ತಗ್ಗಿಸಬೇಕಿಲ್ಲ. ಅವರ ಉಚ್ಚಾರಣೆಯ ಎಚ್ಚರವನ್ನು ಗಮನವಿಟ್ಟು ಕೇಳಿದರೆ ಪ್ರೀತಿಗೆ ಗೌರವ ಕೂಡಿಕೊಳ್ಳುತ್ತದೆ.

ಮರುಕೇಳ್ವಿಕೆಯಲ್ಲಿ ಮೊದಲು ಬದಲಾಗುವುದು ಅರ್ಥ. ರೇಡಿಯೊ ಹಾಡನ್ನು ಚಿತ್ರದಿಂದ ಬಿಡಿಸಿ ಕೊಡುತ್ತಿತ್ತು. ಪುಟ್ಟಣ್ಣ ಕಣಗಾಲರ ಚಿತ್ರಗಳಲ್ಲಿ ಇದರ ಪರಿಣಾಮ ತೀವ್ರ. 1967ರ ‘ಬೆಳ್ಳಿ ಮೋಡ’ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ್ದು. ಆಸ್ತಿಗೆ ಗಂಡು ವಾರಸುದಾರ ಹುಟ್ಟಿದೊಡನೆ ಮದುವೆಯಾಗಬೇಕಿದ್ದವನ ಮನಸ್ಸು ತಿರುಗಿ ಒಬ್ಬಳು ಹುಡುಗಿ ಒಂಟಿಯಾಗುವ ಕಥೆ. 1969ರ ‘ಗೆಜ್ಜೆ ಪೂಜೆ’ ಎಂ.ಕೆ. ಇಂದಿರಾ ಅವರದು, ವೇಶ್ಯಾವೃತ್ತಿಯ ಮನೆಯಲ್ಲಿ ಹುಟ್ಟಿ ಅದರಿಂದ ಬಿಡಿಸಿಕೊಳ್ಳಲಾಗದ ಹೆಣ್ಣಿನ ಕಥೆ. 1971ರ ‘ಶರಪಂಜರ’ದಲ್ಲಿ ಹೆರಿಗೆಯ ಬಳಿಕ ಮನಸ್ಸು ಕದಡಿ, ಗುಣಮುಖಳಾಗಿ ಮನೆಗೆ ಬಂದ ಹೆಣ್ಣನ್ನು ಮನೆಯೇ ನಂಬದೆ ಹೋಗುತ್ತದೆ. ವಿಜಯಭಾಸ್ಕರ್ ಅವರ ಸಂಗೀತದ ಈ ಚಿತ್ರಗಳ ಹಲವು ಹಾಡುಗಳು ಬೆಟ್ಟ, ಬೆಳಗು, ಹಸಿರಿನ ನಡುವೆ ಹರಿಯುವ ಸಂತಸದ ಹಾಡುಗಳು. ಮಗುವಿಗೆ ದಕ್ಕಿದ್ದು ಆ ಸಂತಸ ಮಾತ್ರ, ಮತ್ತು ಅದು ಸುಳ್ಳೇನಲ್ಲ. ಆದರೆ ಕಥೆಯೊಳಗೆ ಆ ಸಂತಸ ಮುರಿಯಲಿರುವ ಸಂತಸ. ಮುರಿಯುವುದು ನೋಯಬೇಕೆಂದೇ ಅದನ್ನು ಅಷ್ಟು ಉಜ್ವಲವಾಗಿ ಕಟ್ಟಿದ್ದಾರೆ. ನಲವತ್ತರಲ್ಲಿ ಚಿತ್ರವನ್ನು ನೋಡಿ, ಮತ್ತೆ ಹಾಡಿಗೆ ಮರಳಿದವರಿಗೆ ಅದೇ ಸ್ವರಗಳು ಬೇರೆ ಭಾರ ಹೊತ್ತು ಬರುತ್ತವೆ. ಇದು ನೆನಪು ಕೊಡಲಾರದ ಅನುಭವ, ಏಕೆಂದರೆ ಆ ಅರ್ಥ ಎಂದೂ ನೆನಪಿನಲ್ಲಿ ಇರಲೇ ಇಲ್ಲ.

ಭಾಷೆಯ ವಿಷಯದಲ್ಲೂ ಹೀಗೆಯೇ. ಕಣಗಾಲ್ ಪ್ರಭಾಕರ ಶಾಸ್ತ್ರಿ, ಕು.ರ. ಸೀತಾರಾಮ ಶಾಸ್ತ್ರಿ, ಹುಣಸೂರು ಕೃಷ್ಣಮೂರ್ತಿ ಅವರ ಕಾಲದ ಹಾಡುಗಳಲ್ಲಿ ಸಮಾಸಗಳೂ ನಾಟಕದ ಕಂದಗಳ ಜಾಡೂ ಉಂಟು. ಚಿ. ಉದಯಶಂಕರ್ ಅದನ್ನು ಮನೆಮಾತಿನ ಹತ್ತಿರಕ್ಕೆ ತಂದರು. ಹಂಸಲೇಖ ಬೀದಿಯ ಮಾತನ್ನೂ ಇಂಗ್ಲಿಷನ್ನೂ ಒಳಗೆ ಬಿಟ್ಟುಕೊಂಡರು. ಕುವೆಂಪು ಅವರ ದೋಣಿಯ ಗೀತೆ 1965ರ ‘ಮಿಸ್ ಲೀಲಾವತಿ’ಯಲ್ಲಿ, ಬೇಂದ್ರೆಯವರ ಬೆಳಗಿನ ಪದ್ಯ ‘ಬೆಳ್ಳಿ ಮೋಡ’ದಲ್ಲಿ ಬಂದವು. ಶಾಲೆಯ ಪಠ್ಯಕ್ಕಿಂತ ಹತ್ತು ವರ್ಷ ಮೊದಲೇ ಬೇಂದ್ರೆ ಕಿವಿಯೊಳಗೆ ಹೊಕ್ಕ ತಲೆಮಾರುಗಳು ನಮ್ಮಲ್ಲಿವೆ. ಪದ ಮೊದಲು ನಾದವಾಗಿ ಬಂದು, ಅರ್ಥ ಬಹಳ ತಡವಾಗಿ ಹಿಂಬಾಲಿಸಿತು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಲ್ಲಿ, ಹೊರನಾಡಿನಲ್ಲಿ ಬೆಳೆದವರಲ್ಲಿ ಕಾವ್ಯಕನ್ನಡದ ಪದಸಂಪತ್ತಿನ ದೊಡ್ಡ ಪಾಲು ಹಾಡುಗಳಿಂದಲೇ ಬಂದದ್ದು. ಅವರು ಎಳವೆಯ ಹಾಡಿಗೆ ಮರಳಿದಾಗ ತಪ್ಪಾಗಿ ಕೇಳಿಸಿಕೊಂಡು ಉರುಹೊಡೆದಿದ್ದ ಸಾಲುಗಳು ತಿದ್ದಿಕೊಳ್ಳುತ್ತವೆ, ಶಬ್ದದ ಹಿಂದೆ ನಿಂತಿದ್ದ ಕವಿ ಎದುರಿಗೆ ಬರುತ್ತಾರೆ. ಮರುಕೇಳ್ವಿಕೆಯನ್ನು ಓದಿನ ಕೆಲಸವೆಂದು ನಾನು ಕರೆಯುವುದು ಇದಕ್ಕಾಗಿ.

ಇನ್ನು ನಾದ. ಮೀಡಿಯಂ ವೇವ್ ಪ್ರಸಾರದಲ್ಲಿ ಸುಮಾರು 5 ಕಿಲೊಹರ್ಟ್ಸ್‌ಗಿಂತ ಮೇಲಿನ ಧ್ವನಿ ಹೆಚ್ಚುಕಡಿಮೆ ಬರುವುದೇ ಇಲ್ಲ. ಅಂಗೈಯಗಲದ ಟ್ರಾನ್ಸಿಸ್ಟರ್ ಸ್ಪೀಕರಿನಲ್ಲಿ ತಗ್ಗಿನ ಸ್ವರಗಳೂ ಕಳೆದುಹೋಗುತ್ತವೆ. ಎಂದರೆ ಮಗು ಕೇಳಿದ್ದು ಹಾಡಿನ ನಡುವಿನ ಪಟ್ಟಿಯನ್ನು, ಮುಖ್ಯವಾಗಿ ಗಾಯಕರ ದನಿಯನ್ನು. ಜಿ.ಕೆ. ವೆಂಕಟೇಶ್ ಅವರ ಬಳಿ ಇಳಯರಾಜ ಮತ್ತು ಎಲ್. ವೈದ್ಯನಾಥನ್ ಸಹಾಯಕರಾಗಿ ದುಡಿದವರು. ಆ ಕಾಲದ ಕನ್ನಡ ಹಾಡುಗಳ ಗಿಟಾರು, ಪಿಟೀಲಿನ ಗುಂಪು, ಎದುರು ಧಾಟಿಗಳನ್ನು ಇಂದಿನ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ಒಂದು ಕಾರ್ಖಾನೆಯಷ್ಟು ಕೆಲಸ ಒಳಗೆ ನಡೆದಿರುವುದು ತಿಳಿಯುತ್ತದೆ. ರಾಜನ್-ನಾಗೇಂದ್ರ ಅವರ ‘ಎರಡು ಕನಸು’ (1974), ‘ಬಯಲು ದಾರಿ’ (1976) ಚಿತ್ರಗಳ ಹಾಡುಗಳಲ್ಲಿ ಪಲ್ಲವಿ ಮುಗಿದು ಚರಣ ಶುರುವಾಗುವ ನಡುವಿನ ವಾದ್ಯಸಂಗೀತವೇ ಒಂದು ಪ್ರತ್ಯೇಕ ರಚನೆ. ಇಳಯರಾಜ ಅವರೇ ಸಂಗೀತ ನೀಡಿದ 1981ರ ‘ಗೀತಾ’ದಲ್ಲಿ ಬೇಸ್ ಗಿಟಾರಿನ ನಡೆ ಹಾಡಿನ ಬೆನ್ನೆಲುಬು, ಸಣ್ಣ ರೇಡಿಯೊದಲ್ಲಿ ಅದು ಬಹುಪಾಲು ಕೇಳಿಸುತ್ತಲೇ ಇರಲಿಲ್ಲ. ಹಳೆಯ ಹಾಡನ್ನು ಮತ್ತೆ ಕೇಳಿದೆ ಎಂದು ನಾವು ಹೇಳುವಾಗ, ನಾದದ ಲೆಕ್ಕದಲ್ಲಿ ಅದರ ಅರ್ಧ ಭಾಗ ನಮಗೆ ಹೊಸದು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ: ಮಗು ಅಷ್ಟೊಂದು ನಿಷ್ಕ್ರಿಯವೇ? ಹತ್ತು ಹಾಡು ಕಿವಿಗೆ ಬಿದ್ದರೂ ಮಗು ಒಂದನ್ನೇ ಹಿಡಿದು ಮತ್ತೆ ಹಾಕು ಎಂದು ಹಟ ಮಾಡುವುದನ್ನು ಯಾವ ಮನೆಯವರೂ ಬಲ್ಲರು. ಈ ಮಾತಿನಲ್ಲಿ ಸತ್ಯವಿದೆ. ಲಯದ ಬಿಗಿ, ಮರುಕಳಿಸುವ ಸಣ್ಣ ಪದ, ಪ್ರಾಣಿಪಕ್ಷಿಗಳ ದನಿ, ನಗು ಇರುವ ಹಾಡುಗಳತ್ತ ಮಗು ವಾಲುತ್ತದೆ, ಎಸ್. ಜಾನಕಿ ಮಕ್ಕಳ ದನಿಯಲ್ಲಿ ಹಾಡಿದ ಹಾಡುಗಳು ಗೆದ್ದದ್ದು ಹೀಗೆ. ಎಚ್.ಎಸ್. ವೆಂಕಟೇಶಮೂರ್ತಿ ಬರೆದು ಅಶ್ವತ್ಥ್ ಸಂಗೀತ ನೀಡಿದ 1993ರ ‘ಚಿನ್ನಾರಿ ಮುತ್ತ’ದ ಹಾಡುಗಳನ್ನು ಮಕ್ಕಳು ನಿಜಕ್ಕೂ ತಮ್ಮವಾಗಿ ಮಾಡಿಕೊಂಡರು. ಆದರೆ ಆರಿಸಲು ಸಿಕ್ಕ ಹತ್ತು ಹಾಡುಗಳನ್ನು ಮುಂದಿಟ್ಟವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮಗುವಿನ ಹಟ ಆವರ್ತನೆಯನ್ನು ಹೆಚ್ಚಿಸಬಹುದು, ಬಡಿಸಿದ ಎಲೆಯ ಮೇಲೆ ಇಲ್ಲದ್ದನ್ನು ತರಲಾರದು. ಮಕ್ಕಳಿಗಾಗಿಯೇ ಬರೆದ ಚಿತ್ರಗೀತೆಗಳು ನಮ್ಮಲ್ಲಿ ಕಡಿಮೆ. ಎಳವೆಯ ನೆನಪಿನಲ್ಲಿ ಉಳಿದ ಹಾಡುಗಳಲ್ಲಿ ಬಹುಪಾಲು ದೊಡ್ಡವರ ಪ್ರೇಮ, ವಿರಹ, ವೈರಾಗ್ಯದ ಹಾಡುಗಳೇ ಆಗಿರುವುದು ಇದನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಬಿರುಸಿನದು: ಆವರ್ತನೆ, ಪರಿಚಯ ಎಂಬುದೆಲ್ಲ ಇರಲಿ, ಆ ಹಾಡುಗಳು ನಿಜಕ್ಕೂ ಇಂದಿನವಕ್ಕಿಂತ ಚೆನ್ನಾಗಿದ್ದವು. ಇದನ್ನು ತಳ್ಳಿಹಾಕುವ ಆತುರ ನನಗಿಲ್ಲ. ಕವಿ, ಸಂಗೀತ ನಿರ್ದೇಶಕ, ನಿರ್ದೇಶಕ ಒಟ್ಟಿಗೆ ಕೂತು ಹಾಡು ಕಟ್ಟುತ್ತಿದ್ದ ರೀತಿ, ಗಾಯಕರೂ ವಾದ್ಯಗಾರರೂ ಒಂದೇ ಸಮಯಕ್ಕೆ ನುಡಿಸಿ ಹಾಡಿ ಮುದ್ರಿಸುತ್ತಿದ್ದ ಶಿಸ್ತು ಒಂದು ಬಗೆಯ ಅಚ್ಚುಕಟ್ಟನ್ನು ತಂದಿತ್ತು. ಯಾರೊಬ್ಬರು ತಪ್ಪಿದರೂ ಮೊದಲಿನಿಂದ ಶುರು ಮಾಡಬೇಕಿದ್ದಲ್ಲಿ ತಾಲೀಮು ಅನಿವಾರ್ಯ. ಆದರೆ ಈ ಮಾತನ್ನು ನಮ್ಮ ನೆನಪು ಸಾಬೀತುಮಾಡಲಾರದು. ವರ್ಷಕ್ಕೆ ಹತ್ತಾರು ಚಿತ್ರಗಳು, ಚಿತ್ರಕ್ಕೆ ನಾಲ್ಕೈದು ಹಾಡು ಎಂದರೆ 1970ರ ದಶಕವೊಂದರಲ್ಲೇ ಸಾವಿರಕ್ಕೂ ಮೀರಿ ಹಾಡುಗಳು ಬಂದಿವೆ. ಅವುಗಳಲ್ಲಿ ಇಂದು ಮರಳಿ ಮರಳಿ ಕೇಳಿಸುವವು ಕೆಲವೇ ನೂರು. ಉಳಿದವನ್ನು ಕಾಲ ಸೋಸಿ ಬಿಟ್ಟಿದೆ, ಸೋಸುವಾಗ ಕೆಲವು ಒಳ್ಳೆಯವೂ ಹೋಗಿವೆ. ಹಳೆಯದರಲ್ಲಿ ಸೋಸಿ ಉಳಿದದ್ದನ್ನು ಹೊಸದರ ಇಡೀ ರಾಶಿಯೊಡನೆ ಹೋಲಿಸುವುದು ನ್ಯಾಯವಲ್ಲ. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ಗೆ ಜಯಂತ ಕಾಯ್ಕಿಣಿ ಬರೆದ, ಮನೋಮೂರ್ತಿ ಧಾಟಿ ಹಾಕಿದ ಹಾಡುಗಳು ಆಗ ಮಗುವಾಗಿದ್ದವರಿಗೆ ಈಗಲೇ ‘ಹಳೆಯ ಒಳ್ಳೆಯ ಹಾಡು’ಗಳ ಸಾಲಿಗೆ ಸೇರಿವೆ. ಹಳೆಯ ಹಾಡಿನ ಹಿರಿಮೆಯನ್ನು ಹಾಡನ್ನೇ ಬಿಡಿಸಿ ತೋರಿಸಬೇಕು. ತೋರಿಸಲು ಬೇಕಾದಷ್ಟು ಅದರಲ್ಲಿದೆ.

ಹಾಗೆ ಬಿಡಿಸಿದಾಗ ಸುಖ ಕಡಿಮೆಯಾಗುತ್ತದೆ ಎನ್ನುವವರಿದ್ದಾರೆ. ಹಾಡು ಮನಸ್ಸಿಗೆ ಹಾಯೆನಿಸಿದರೆ ಸಾಕು, ವಿಮರ್ಶೆ ಏಕೆ ಎಂಬುದು ಅವರ ಪ್ರಶ್ನೆ. ಹಾಯೆನಿಸುವುದು ಸಣ್ಣ ಸಂಗತಿಯಲ್ಲ. ಆಲ್‌ಝೈಮರ್ ಕಾಯಿಲೆಯಲ್ಲಿ ಬಹುಕಾಲದ ಸಂಗೀತದ ನೆನಪನ್ನು ಹಿಡಿದಿಡುವ ಮಿದುಳಿನ ಭಾಗಗಳು ಹೋಲಿಕೆಯಲ್ಲಿ ಹೆಚ್ಚು ಕಾಲ ಉಳಿದುಕೊಳ್ಳುತ್ತವೆ ಎಂದು ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ಮಕ್ಕಳ ಹೆಸರು ಮರೆತವರು ಹಳೆಯ ಹಾಡಿಗೆ ದನಿಗೂಡಿಸುವುದು ಸುಳ್ಳು ಕಥೆಯಲ್ಲ. ಅಂಥ ಹೊತ್ತಿನಲ್ಲಿ ಹಾಡನ್ನು ವಿಮರ್ಶಿಸಲು ಯಾರೂ ಹೇಳುವುದಿಲ್ಲ. ಆದರೆ ಆರೋಗ್ಯವಂತ ನಡುವಯಸ್ಸಿನವರಿಗೆ ಹಾಡು ಬರೀ ಹಾಯೆನಿಸುವ ಮದ್ದಾಗಿ ಉಳಿದರೆ ನಷ್ಟ ಹಾಡಿಗೇ. ಒಂದೇ ಪಟ್ಟಿಯ ಐವತ್ತು ಹಾಡುಗಳು ತಿರುಗುತ್ತವೆ, ಅವುಗಳ ಪಕ್ಕದಲ್ಲೇ ಇದ್ದ ಅಷ್ಟೇ ಒಳ್ಳೆಯ ಹಾಡುಗಳು ಕೇಳುವವರಿಲ್ಲದೆ ಉಳಿಯುತ್ತವೆ.

ಗಮನವಿಟ್ಟು ಕೇಳುವುದರಲ್ಲಿ ನೋವಿನ ಭಾಗವೂ ಇದೆ, ಅದನ್ನು ಮುಚ್ಚಿಡಬಾರದು. ‘ಸಂಪತ್ತಿಗೆ ಸವಾಲ್’ನಲ್ಲೂ, ಶೇಕ್ಸ್‌ಪಿಯರನ ನಾಟಕದ ಜಾಡಿನಲ್ಲಿರುವ 1976ರ ‘ಬಹದ್ದೂರ್ ಗಂಡು’ವಿನಲ್ಲೂ ಸೊಕ್ಕಿನ ಹೆಣ್ಣನ್ನು ಗಂಡು ಬಗ್ಗಿಸುವುದೇ ಕಥೆಯ ಸಂಭ್ರಮ. ಆ ಧೋರಣೆ ಆ ಕಾಲದ ಹಲವು ಚಿತ್ರಗಳ ಹಾಡುಗಳಿಗೂ ಇಳಿದಿದೆ. ಓದಿದ ಹುಡುಗಿಯನ್ನು, ಪೇಟೆಯ ಉಡುಪನ್ನು ಗೇಲಿ ಮಾಡುವ, ಬೆನ್ನಟ್ಟುವುದನ್ನೇ ಪ್ರೇಮ ಎನ್ನುವ ಗೀತೆಗಳನ್ನು ಮಕ್ಕಳು ನಗುನಗುತ್ತ ಹಾಡಿದ್ದಾರೆ. ಅವುಗಳಲ್ಲಿ ಕೆಲವಕ್ಕೆ ಅದ್ಭುತ ಧಾಟಿ ಇದೆ. ಮಗುವಾಗಿ ಹಾಡಿದ್ದು ತಪ್ಪಲ್ಲ, ದೊಡ್ಡವರಾದ ಮೇಲೆ ಕೇಳಿಸಿಕೊಳ್ಳದಂತೆ ಇರುವುದು ತಪ್ಪು. ಇಂಥ ಹಾಡನ್ನು ಪಟ್ಟಿಯಿಂದ ಕಿತ್ತುಹಾಕಬೇಕೆಂದು ನಾನು ಹೇಳುವುದಿಲ್ಲ. ಧಾಟಿಯನ್ನು ಮೆಚ್ಚುತ್ತಲೇ ಮಾತನ್ನು ಒಪ್ಪದಿರಲು ವಯಸ್ಕ ಕಿವಿಗೆ ಸಾಧ್ಯವಿದೆ, ಮತ್ತು ಮುಂದಿನ ಮಗುವಿನ ಎದುರು ಅದನ್ನು ಹಾಕುವ ಮುನ್ನ ಆ ಮಾತನ್ನು ಬಾಯಿಬಿಟ್ಟು ಆಡುವ ಹೊಣೆಯೂ ನಮಗಿದೆ.

‘ಕನ್ನಡ ಬಾಲ್ಯದ ಹಾಡು’ ಎಂದಾಗ ಕನ್ನಡ ಹಾಡುಗಳನ್ನಷ್ಟೇ ಎಣಿಸುವುದೂ ಪೂರ್ತಿ ಸರಿಯಲ್ಲ. ಬೆಳಗಾವಿ ಸೀಮೆಯ ಮಗುವಿಗೆ ಮರಾಠಿ, ಕಲಬುರಗಿ ಬೀದರಿನ ಮಗುವಿಗೆ ಹಿಂದಿ ಮತ್ತು ತೆಲುಗು, ಕೋಲಾರದ ಮಗುವಿಗೆ ತೆಲುಗು ತಮಿಳು, ಮಂಗಳೂರಿನ ಮಗುವಿಗೆ ತುಳು ಕೊಂಕಣಿ ಹಾಡುಗಳು ಅಷ್ಟೇ ಸಹಜವಾಗಿ ಬಿದ್ದಿವೆ. ಆರಂಭದ ಕನ್ನಡ ಚಿತ್ರಗೀತೆಗಳಲ್ಲಿ ಹಲವು ಹಿಂದಿ, ತಮಿಳು ಧಾಟಿಗಳ ಮೇಲೆ ಕಟ್ಟಿದವು. ಯಾವುದು ಮೊದಲು ಕಿವಿಗೆ ಬಿತ್ತೋ ಅದೇ ಮೂಲವೆಂದು ಮಗುವಿನ ಮನಸ್ಸು ನಂಬಿರುತ್ತದೆ. ಅಮೆರಿಕ, ಗಲ್ಫ್ ದೇಶಗಳಲ್ಲಿ ಬೆಳೆದ ಕನ್ನಡ ಮಕ್ಕಳ ಸ್ಥಿತಿ ಕಾರ್ನೆಲ್ ಅಧ್ಯಯನದ ಮಾತಿಗೆ ಇನ್ನೂ ಹತ್ತಿರ. ಅಪ್ಪ ಅಮ್ಮ ಊರು ಬಿಟ್ಟಾಗ ಪೆಟ್ಟಿಗೆಯಲ್ಲಿ ತಂದ ಕ್ಯಾಸೆಟ್ಟುಗಳಲ್ಲಿ ಕಾಲ ನಿಂತುಹೋಗಿರುತ್ತದೆ. ಕರ್ನಾಟಕದಲ್ಲಿ ಹೊಸ ಹಾಡು ಬಂದು ಹಳೆಯದು ಹಿಂದೆ ಸರಿದಿದ್ದರೂ, ಅಲ್ಲಿನ ಮಗುವಿನ ಕಾರಿನಲ್ಲಿ ಮೊಳಗುವುದು ಹೆತ್ತವರು ಹೊರಟ ವರ್ಷದ ಹಾಡು. ಅದು ಆ ಮಗುವಿಗಿಂತ ಹಿರಿದಾದ ಹಾಡು, ಆದರೂ ಅದರ ಬಾಲ್ಯದ ಹಾಡೇ.

ಇಂದಿನ ಮಗುವಿನ ಕೈಗೆ ಕೊನೆಗೂ ಗುಂಡಿ ಬಂದಿದೆ, ಆದ್ದರಿಂದ ಈ ಆನುವಂಶಿಕತೆ ಮುಗಿಯಿತು ಎಂದು ಕೆಲವರು ವಾದಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಎರಡು ವರ್ಷದ ಮಗು ಫೋನಿನಲ್ಲಿ ಒತ್ತುವುದು ಯಾವುದೋ ಸಂಸ್ಥೆಯ ಗಣಕ ಮುಂದಿಟ್ಟದ್ದನ್ನು. ನಿಲಯದ ಅಧಿಕಾರಿಯ ಜಾಗಕ್ಕೆ ಗಣಿತ ಬಂದಿದೆ. ಬದಲಾಗಿರುವುದು ಬೇರೆ ಎರಡು ಸಂಗತಿಗಳು. ಮನೆಯವರೆಲ್ಲ ಒಂದೇ ಹಾಡನ್ನು ಒಂದೇ ಹೊತ್ತಿಗೆ ಕೇಳುವುದು ಕಡಿಮೆಯಾಗಿದೆ. ಹಿರಿಯರ ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ಅವರ ಯೌವನದ ಹಾಡು ಮಗುವಿಗೆ ದಾಟುವ ದಾರಿಯೇ ಮುಚ್ಚುತ್ತದೆ. ಎರಡನೆಯದು, ಹಾಡಿನ ಜತೆ ಬರುತ್ತಿದ್ದ ಮಾಹಿತಿ. ಆಕಾಶವಾಣಿಯ ಉದ್ಘೋಷಕರು ಹಾಡಿಗೆ ಮುಂಚೆಯೋ ನಂತರವೋ ಚಿತ್ರದ ಹೆಸರು, ಸಾಹಿತ್ಯ, ಸಂಗೀತ, ಹಾಡಿದವರು ಯಾರೆಂದು ಹೇಳುತ್ತಿದ್ದರು. ಹಾಡಿನ ಅರ್ಥ ತಿಳಿಯದ ಮಗುವಿಗೂ ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ, ಎಂ. ರಂಗರಾವ್, ಉಪೇಂದ್ರಕುಮಾರ್ ಎಂಬ ಹೆಸರುಗಳು ಹಾಡಿನ ಭಾಗವಾಗಿಯೇ ಬಾಯಿಪಾಠ ಆಗುತ್ತಿದ್ದವು. ಇಂದಿನ ಹಲವು ತಾಣಗಳಲ್ಲಿ ಗೀತರಚನಕಾರರ ಹೆಸರು ಎದುರಿಗೆ ಕಾಣುವುದಿಲ್ಲ, ಕೆಲವೆಡೆ ಇದ್ದರೂ ತಪ್ಪಾಗಿದೆ. ಕೊಳಲು, ಗಿಟಾರು, ತಬಲಾ ನುಡಿಸಿದವರ ಹೆಸರನ್ನಂತೂ ಅಂದಿನ ರೇಡಿಯೊ ಕೂಡ ಹೇಳಲಿಲ್ಲ, ತಟ್ಟೆಯ ಹೊದಿಕೆಯ ಮೇಲೂ ಅಪರೂಪ. 2000ದಲ್ಲಿ ನಾಗೇಂದ್ರ, 2013ರಲ್ಲಿ ಪಿ.ಬಿ. ಶ್ರೀನಿವಾಸ್, 2020ರಲ್ಲಿ ರಾಜನ್ ಮತ್ತು ಬಾಲಸುಬ್ರಹ್ಮಣ್ಯಂ, 2023ರಲ್ಲಿ ವಾಣಿ ಜಯರಾಂ ತೀರಿಕೊಂಡರು. ಮದರಾಸಿನ ಸ್ಟುಡಿಯೊಗಳಲ್ಲಿ ಕನ್ನಡ ಹಾಡುಗಳಿಗೆ ನುಡಿಸಿದ ವಾದ್ಯಗಾರರಲ್ಲಿ ಬದುಕಿರುವವರಿಗೆ ಈಗ ತೀರ ಇಳಿವಯಸ್ಸು. ಯಾವ ಹಾಡಿನಲ್ಲಿ ಯಾರು ನುಡಿಸಿದರು, ಯಾವ ಚರಣ ರೇಡಿಯೊಗಾಗಿ ಕತ್ತರಿಸಿಹೋಯಿತು, ಕವಿ ಬರೆದ ಪಾಠಕ್ಕೂ ಗಾಯಕರು ಹಾಡಿದ್ದಕ್ಕೂ ಎಲ್ಲಿ ವ್ಯತ್ಯಾಸವಾಯಿತು ಎಂಬುದನ್ನು ಹೇಳಬಲ್ಲವರು ಅವರು. ಅವರನ್ನು ಕಂಡು, ಕೇಳಿ, ಹಾಡು ಹಾಡಿಗೂ ಬರೆದಿಡುವ ಕೆಲಸವನ್ನು ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಮತ್ತು ಈ ಹಾಡುಗಳನ್ನು ತಮ್ಮವೆನ್ನುವ ಕೇಳುಗರು ತಡಮಾಡದೆ ಕೈಗೆತ್ತಿಕೊಳ್ಳಬೇಕು.